ಇಸ್ತ್ರಿಯಮ್ಮ ಕೊಟ್ಟ ಶಾಖ

ಬಟ್ಟೆ ಸುಡದ ಕೈ ಎಂದು ಇಸ್ತ್ರಿಯಮ್ಮನಿಗೆ ಬೀದಿಯಲ್ಲೆಲ್ಲ ಹೆಸರಿತ್ತು. ಆ ಹೆಸರು ಬರುವುದಕ್ಕೆ ಅರ್ಧ ಆಯುಷ್ಯ ಹಿಡಿಯಿತು, ಹೋಗುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಆ ಮಧ್ಯಾಹ್ನದ ಕಥೆಯನ್ನೇ ನೇರವಾಗಿ ಹೇಳಿಬಿಡಬಹುದು. ಆದರೆ ಅವಳ ಕೈ ಎಂಥದ್ದು, ಅವಳ ಅತ್ತೆ ಎಂಥವರು ಅಂತ ತಿಳಿಯದೆ ಕೇಳಿದವರು ಅವಳನ್ನು ದಡ್ಡಿ ಎಂದುಬಿಡುತ್ತಾರೆ. ಆಗಲೇ ಅಂದದ್ದೂ ಆಗಿದೆ, ಬಿಡಿ. ಅಂದವರ ಬಾಯಿಗೆ ಬೀಗ ಹಾಕಲು ಯಾರಿಂದಾದೀತು?

ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗಿನ ಸಂದಿಯೇ ಅವರ ಅಂಗಡಿ. ಒಂದು ಮೇಜು, ಮೇಲೆ ಮಡಿಸಿ ಹಾಸಿದ ಹಳೇ ಕಂಬಳಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆ, ನೀರು ಚಿಮುಕಿಸಲು ಮುಚ್ಚಳಕ್ಕೆ ತೂತು ಹಾಕಿದ ಬಾಟಲಿ. ಮೇಜಿನ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಅತ್ತೆ. ಉಜ್ಜುವುದು ಸೊಸೆಯ ಪಾಲು. ಮಡಿಸುವುದು, ಮಾತಾಡುವುದು ಅತ್ತೆಯ ಪಾಲು, ಎರಡರಲ್ಲೂ ಸುಕ್ಕಿಗೆ ಜಾಗವಿರಲಿಲ್ಲ. ಹೊಟ್ಟೆ ಬಂದ ಗುಮಾಸ್ತನ ಶರ್ಟು ಕೈಗೆ ಬಂದರೆ, "ಇದನ್ನ ಮಧ್ಯದಲ್ಲಿ ಉಜ್ಜಬೇಡ ಕಣೇ, ಅವನ ಹೊಟ್ಟೇನೇ ಉಜ್ಜಿಕೊಳ್ಳುತ್ತೆ" ಎನ್ನುವರು. ಗುಮಾಸ್ತ ಎದುರಿಗೇ ನಿಂತಿದ್ದರೂ ಅಷ್ಟೇ. ಅವನೂ ನಗುತ್ತಿದ್ದ, ಮತ್ತೇನು ಮಾಡಿಯಾನು!

ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆ ಒಂದು ಬಿಳಿ ಅಂಗಿಯ ಬೆನ್ನು ಸುಟ್ಟಳು. ಅಂಗಿಯವನು ಕೂಗಾಡಿಕೊಂಡು ಬಂದಾಗ ಅತ್ತೆ ಎದ್ದು, "ನನ್ನ ಕೈತಪ್ಪು ಕಣಪ್ಪಾ, ಕಣ್ಣು ಮಂಜಾಗಿದೆ" ಎಂದುಬಿಟ್ಟರು. ಆಗ ಅವರ ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ಚುರುಕಾಗಿತ್ತು. ಅವನು ಹೋದ ಮೇಲೆ ಸೊಸೆಯ ಕೆನ್ನೆಯ ಹತ್ತಿರ ಇಸ್ತ್ರಿಪೆಟ್ಟಿಗೆ ಹಿಡಿದು, "ಇಲ್ಲಿ ನೋಡ್ಕೋ. ಕೈ ನಂಬಬೇಡ, ಕೈ ದಪ್ಪ ಆಗುತ್ತೆ. ಕೆನ್ನೆ ನಂಬು. ಬಟ್ಟೆಗೆ ಬಾಯಿಲ್ಲ ಕಣೇ, ಸುಡ್ತಾ ಇದೆ ಅಂತ ಅದು ಕಿರಿಚಲ್ಲ. ನೀನೇ ಮೊದಲು ಕೇಳ್ಕೋಬೇಕು" ಎಂದರು.

ಕೈ ದಪ್ಪವಾಗಿಯೇ ಆಯಿತು. ಅಂಗೈ ಜಡ್ಡುಗಟ್ಟಿ, ಉರಿಯುವ ಇದ್ದಿಲನ್ನು ಬೆರಳಲ್ಲಿ ಎತ್ತಿ ಪೆಟ್ಟಿಗೆಗೆ ಹಾಕುವಷ್ಟಾಯಿತು. ಆದರೆ ಕೆನ್ನೆ ಅವಳಿಗೆ ಎಂದೂ ಮೋಸ ಮಾಡಲಿಲ್ಲ. ಗಂಡ ತೀರಿಕೊಂಡ ಮೇಲೆ ನೆಂಟರೆಲ್ಲ, "ಇನ್ನು ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ" ಎಂದು ಲೆಕ್ಕ ಹಾಕಿದ್ದರು. ಇಬ್ಬರೂ ಮಾರನೇ ವಾರವೇ ಮೆಟ್ಟಿಲ ಕೆಳಗೆ ಒಂದೇ ಮೇಜಿಗೆ ಬಂದು ನಿಂತರು. ಅವಳಿಗೆ ಈ ಭೂಮಿಯ ಮೇಲೆ ಇದ್ದದ್ದು ಆ ಮುದುಕಿ ಒಬ್ಬರೇ.

ಇವರಿಬ್ಬರ ಮನೆವೈದ್ಯವೂ ಒಂದೇ, ಶಾಖ. ಬೆನ್ನು ಹಿಡಿದರೆ ಶಾಖ, ಮೊಣಕಾಲು ನೊಂದರೆ ಶಾಖ, ಚಳಿಗೆ ಬೆರಳು ಮರಗಟ್ಟಿದರೆ ಶಾಖ. ಅದಕ್ಕೆಂದೇ ಮನೆಯಲ್ಲಿ ಕೆಂಪು ರಬ್ಬರಿನ ಬಿಸಿನೀರಿನ ಚೀಲವಿತ್ತು. ಸೊಸೆ ಇಡುವಳು, ಅತ್ತೆ "ಇನ್ನೂ ಸ್ವಲ್ಪ", "ಹಾಂ, ಸಾಕು" ಎನ್ನುವರು. ವರ್ಷಾನುಗಟ್ಟಲೆ ನಡೆದು ಬಂದ ವ್ಯವಹಾರ ಅದು.

ಒಂದು ಬೆಳಗಿನ ಜಾವ ಅಂಗಡಿಯಲ್ಲಿ, ಇಸ್ತ್ರಿಗೆ ಬಂದು ನೆಲಕ್ಕೆ ಜಾರಿ ಬಿದ್ದಿದ್ದ ಯಾರದೋ ಹೊದಿಕೆಯ ಮೇಲೆ ಅತ್ತೆ ಕಾಲಿಟ್ಟರು. ಬಿದ್ದ ಸದ್ದೇನೂ ದೊಡ್ಡದಲ್ಲ. ಕೂಗಿದ ಸದ್ದು ಮಾತ್ರ ಮೂರನೇ ಅಂತಸ್ತಿನವರನ್ನೂ ಎಬ್ಬಿಸಿತು. ಬಲಗಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿಕೊಂಡಿತ್ತು. ಅದನ್ನು ನೋಡಿದ್ದೇ ಇಸ್ತ್ರಿಯಮ್ಮನಿಗೆ ಮೂಲೆಮನೆಯ ಅಜ್ಜ ನೆನಪಾದರು. ಅವರ ಕಾಲೂ ಹೀಗೇ ತಿರುಗಿತ್ತು. ಅಜ್ಜ ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಅವರನ್ನು ಕೊಂದದ್ದು ಕಾಲಲ್ಲ, ಎದೆಯಲ್ಲಿ ಕಟ್ಟಿದ ಕಫ.

ಆಸ್ಪತ್ರೆಯಲ್ಲಿ ಮೂಳೆಯ ಫೋಟೋ ತೆಗೆಯುವ ಮೇಜಿಗೆ ಎತ್ತುವಾಗ ಅತ್ತೆ ಬಟ್ಟೆ ಹರಿದ ಹಾಗೆ ಕಿರುಚಿದರು. ಇಸ್ತ್ರಿಯಮ್ಮ ಹೊರಗೆ ಗೋಡೆಗೆ ಹಣೆ ಒತ್ತಿಕೊಂಡು ನಿಂತಳು. ದೇವರೇ, ಆ ನೋವು ನನಗಾದರೂ ಕೊಡಬಾರದಿತ್ತೇ ಅಂದುಕೊಂಡಳು.

ಮೂಳೆ ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು, "ಸೊಂಟದ ಕೀಲಿನ ಕೆಳಗೇ ಮುರಿದಿದೆ. ನಾಳೆ ಬೆಳಿಗ್ಗೆ ಆಪರೇಷನ್. ತಡ ಮಾಡಬಾರದು. ಇದ್ದಿಲ ಹೊಗೆ ಕುಡಿದ ಎದೆ ಇವರದು, ಮಲಗಿದಷ್ಟೂ ಕಷ್ಟ. ಬೇಗ ಕೂರಿಸಬೇಕು, ಬೇಗ ನಡೆಸಬೇಕು. ಅದೇ ಇವರ ಜೀವ ಅಂತ ತಿಳ್ಕೊಳ್ಳಿ" ಎಂದರು.

ನಾಳೆ ಬೆಳಿಗ್ಗೆ. ಇಸ್ತ್ರಿಯಮ್ಮ ಆ ಎರಡು ಮಾತನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿದಂತೆ ಹಿಡಿದುಕೊಂಡಳು. ನಾಳೆಯವರೆಗೆ ಅತ್ತೆ ಸುಖವಾಗಿದ್ದರೆ ಸಾಕು.

ಆಮೇಲೆ ಅರಿವಳಿಕೆಯ ಡಾಕ್ಟರು ಬಂದರು, ಮೆಲುದನಿಯ ಹೆಂಗಸು. ಸಣ್ಣ ಪರದೆಯ ಯಂತ್ರವನ್ನು ಅತ್ತೆಯ ತೊಡೆಸಂದಿಗೆ ಒತ್ತಿ, ಪರದೆಯಲ್ಲಿ ಏನನ್ನೋ ಹುಡುಕಿ, ಉದ್ದ ಸೂಜಿ ಇಳಿಸಿದರು. "ಅಜ್ಜಿ, ಕಾಲಿನ ನೋವನ್ನ ತಲೆಗೆ ಹೊತ್ಕೊಂಡು ಹೋಗೋ ನರಗಳಿಗೆ ಈ ಔಷಧಿ. ಸಂಜೆ ಕಳೆಯೋವರೆಗೆ ನರ ಮಲಗಿರುತ್ತೆ."

"ನರ ಮಲಗಲಿ, ನಾನಂತೂ ಮಲಗಿಯೇ ಇದ್ದೀನಲ್ಲಮ್ಮ" ಎಂದರು ಅತ್ತೆ ಹಲ್ಲು ಕಚ್ಚಿಕೊಂಡು.

ಸ್ವಲ್ಪ ಹೊತ್ತಿಗೆ ಅವರ ಹಣೆಯ ಗಂಟು ಸಡಿಲವಾಯಿತು. ಮುಷ್ಟಿ ಬಿಚ್ಚಿತು. "ಉಸ್ಸಪ್ಪಾ!" ಎಂದರು. "ಲೇ, ಎಲ್ಲಿ ಹೋಯ್ತೇ ನೋವು? ನಿನ್ನ ಹತ್ರ ಬಂತಾ?"

ಇಸ್ತ್ರಿಯಮ್ಮ ನಗಲು ಹೋಗಿ ಅತ್ತಳು. ಡಾಕ್ಟರ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಒಳ್ಳೆಯ ಔಷಧಿಯೇ ಅದು, ಯಾರೂ ಅದನ್ನು ದೂರುವ ಹಾಗಿಲ್ಲ. ಡಾಕ್ಟರು ಮುಂದಿನ ಹಾಸಿಗೆಗೆ ಹೋದರು. ನರ್ಸು ಬಂದು ಮಂಚದ ಪಕ್ಕದ ಕಂಬಿ ಏರಿಸಿ, "ಕಾಲು ಮರಗಟ್ಟಿರುತ್ತೆ, ಹುಷಾರು. ಕೆಳಗಿಳಿಸೋಕೆ ಹೋಗಬೇಡಿ" ಎಂದಳು. ಹುಷಾರು ಎಂದರೆ ಇನ್ನೂ ಯಾವುದರಿಂದೆಲ್ಲ ಹುಷಾರು ಅಂತ ಬಿಡಿಸಿ ಹೇಳಲು ಪಾಪ ಅವಳಿಗೆ ಪುರುಸೊತ್ತಿರಲಿಲ್ಲ. ಆಚೆ ಬದಿಯಲ್ಲಿ ಇನ್ಯಾರೋ ಕೂಗುತ್ತಿದ್ದರು.

ಮಧ್ಯಾಹ್ನ ವಾರ್ಡು ತಣ್ಣಗಾಯಿತು. ಊಟದ ತಟ್ಟೆಗಳು ಹೋದವು, ಕಿಟಕಿಯ ಪರದೆ ಎಳೆದರು. ಅತ್ತೆ ಚಾವಣಿ ನೋಡುತ್ತ ಮಲಗಿದ್ದವರು ಸಣ್ಣಗೆ ಕೆಮ್ಮಿದರು. ಆ ಕೆಮ್ಮು ಇಸ್ತ್ರಿಯಮ್ಮನಿಗೆ ಹಿಡಿಸಲಿಲ್ಲ.

"ಲೇ, ಒಂದು ಮಾತು ಹೇಳಲಾ? ನಗಬಾರದು. ನನ್ನ ತೊಡೆ ಇಲ್ಲ ಕಣೇ."

"ಏನಂತೀರಿ ಅತ್ತೆ! ಇಲ್ಲೇ ಇದೆ, ಮುಟ್ಟಿದ್ದೀನಿ ನೋಡಿ."

"ನೀನು ಮುಟ್ಟಿದ್ದೀಯ, ನನಗೆ ಮುಟ್ಟಿಲ್ಲ. ಯಾರೋ ಮರದ ತುಂಡು ಜೋಡಿಸಿ ಹೋದ ಹಾಗಿದೆ. ನೋವಿದ್ದಾಗ ಕಾಲಾದರೂ ಇತ್ತು. ಈಗ ಹೆದರಿಕೆ ಆಗ್ತಿದೆ."

ಎಂದೂ ಹೆದರಿಕೆ ಎಂಬ ಮಾತು ಆಡಿದವರಲ್ಲ ಅತ್ತೆ. ಮಗನ ಹೆಣದ ಮುಂದೆಯೂ ಆಡಿರಲಿಲ್ಲ. ಮರಗಟ್ಟಿದ್ದಕ್ಕೆ ಏನು ಮಾಡಬೇಕೆಂದು ಇಸ್ತ್ರಿಯಮ್ಮನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಟ್ಟೆಯ ಗಂಟಿನ ಜೊತೆ ಕೆಂಪು ಚೀಲವನ್ನೂ ತಂದಿದ್ದಳು, ರೂಢಿಯಿಂದ. ಅಯ್ಯೋ, ಅದನ್ನು ಮನೆಯಲ್ಲೇ ಮರೆತು ಬಂದಿದ್ದರೆ! ಅವಳ ಮರೆವಿಗೂ ಆ ದಿನ ಬರಲು ಮನಸ್ಸಾಗಲಿಲ್ಲ.

ವಾರ್ಡಿನ ಕೊನೆಯಲ್ಲಿ ಕುಡಿಯುವ ನೀರಿನ ಯಂತ್ರವಿತ್ತು. ಬಿಸಿಯ ನಲ್ಲಿ ಒತ್ತಿ ಚೀಲ ತುಂಬಿಸಿದಳು, ಬಿರಡೆ ತಿರುಗಿಸಿದಳು, ಟವೆಲಿನಲ್ಲಿ ಸುತ್ತಿ ಅತ್ತೆಯ ತೊಡೆಯ ಹೊರಬದಿಗೆ ಇಟ್ಟಳು.

"ತಾಗ್ತಿದ್ಯಾ ಅತ್ತೆ?"

"ಊಹೂಂ."

ಟವೆಲಿನ ಒಂದು ಸುತ್ತು ಬಿಚ್ಚಿದಳು. "ಈಗ?"

"ಇಲ್ಲ ಕಣೇ. ನೀನು ಬಿಸಿನೀರು ಹಾಕಿದ್ದೀಯೋ, ನಲ್ಲಿ ನೀರೋ?"

ಟವೆಲನ್ನು ಪೂರ್ತಿ ತೆಗೆದಳು. ಚೀಲವನ್ನು ಕೆನ್ನೆಗೆ ಹಿಡಿದು ನೋಡಿದಳು. ಕೆನ್ನೆ ಚುರ್ ಎಂದಿತು. ಇದು ಜಾಸ್ತಿ, ರೇಷ್ಮೆಯಾಗಿದ್ದರೆ ಮುದುಡಿಹೋಗುವಷ್ಟು ಜಾಸ್ತಿ ಎಂದು ಕೆನ್ನೆ ಹೇಳಿತು. ಅವಳು ಒಂದು ಗಳಿಗೆ ನಿಂತಳು. ನಿಂತದ್ದು ನಿಜ. ಆಮೇಲೆ ಅಂದುಕೊಂಡಳು: ಕೆನ್ನೆಯ ಮಾತು ಬಾಯಿಲ್ಲದ ಬಟ್ಟೆಗೆ. ಅತ್ತೆಗೆ ಬಾಯಿದೆಯಲ್ಲ, ಅದೂ ಎಂಥ ಬಾಯಿ! ಸುಟ್ಟರೆ ಸುಮ್ಮನಿರುವವರೇ ಅವರು?

ಬರಿಯ ರಬ್ಬರನ್ನು ಬರಿಯ ಚರ್ಮಕ್ಕೆ ಒತ್ತಿ ಇಟ್ಟಳು. ಜಾರದಂತೆ ಮಂಚದ ಕಂಬಿಗೂ ಚೀಲಕ್ಕೂ ನಡುವೆ ದಿಂಬು ತುರುಕಿದಳು. ಮೇಲೆ ಹೊದಿಕೆ ಎಳೆದಳು.

"ಈಗ?"

"ಬಿಡು, ಬಂದೀತು. ನೀನಿಟ್ಟಿದ್ದೀಯ ಅನ್ನೋದೇ ಬೆಚ್ಚಗಿದೆ" ಎಂದರು ಅತ್ತೆ. ಅವರ ದನಿಯಲ್ಲಿ ಹೆದರಿಕೆ ಇಳಿದಿತ್ತು. "ಎದ್ದ ಮೇಲೆ ಆ ಸ್ಟೂಲು ಬದಲಾಯಿಸಬೇಕು ಕಣೇ. ಬೆನ್ನಿರೋ ಕುರ್ಚಿ ತಗೋಳೋಣ. ಮಹಾರಾಣಿ ಹಾಗೆ ಕೂತ್ಕೊಂಡು ನಿನ್ನ ಕೈಲಿ ಕೆಲಸ ಮಾಡಿಸ್ತೀನಿ."

"ಈಗೇನು ಕಮ್ಮಿ ಮಾಡಿಸ್ತೀರಾ?"

ಇಬ್ಬರೂ ನಕ್ಕರು. ಅತ್ತೆಗೆ ಹಾಗೇ ಜೊಂಪು ಹತ್ತಿತು. ನೀರು ಆರಿರಬಹುದೆಂದು ಇಸ್ತ್ರಿಯಮ್ಮ ಎದ್ದು ಚೀಲವನ್ನು ಮತ್ತೆ ತುಂಬಿಸಿ ತಂದಳು, ಹೊದಿಕೆ ಎತ್ತದೆ ಕೈಯಳತೆಯಲ್ಲೇ ಅದೇ ಜಾಗಕ್ಕೆ ಸರಿಸಿದಳು. ಎತ್ತಿದರೆ ಗಾಳಿಗೆ ಎಚ್ಚರವಾದೀತು ಎಂಬ ಅಕ್ಕರೆ. ಬೆರಳಿಗೆ ಚರ್ಮ ಒದ್ದೆಯಾಗಿ ತಾಕಿತು. ಬೆವರಿದ್ದಾರೆ, ಒಳ್ಳೆಯದೇ ಎಂದುಕೊಂಡಳು. ಆ ಜಡ್ಡು ಬೆರಳಿಗೆ ಅದಕ್ಕಿಂತ ಹೆಚ್ಚು ತಿಳಿಯಲಿಲ್ಲ.

ವಾರ್ಡಿನ ದೀಪ ಹಾಕಿದಾಗ ನರ್ಸು ಬಂದು ಹೊದಿಕೆ ಸರಿಸಿದಳು. ಸರಿಸಿದವಳು, "ಅಯ್ಯೋ! ಏನಮ್ಮಾ ಇದು! ಯಾರಿಟ್ಟಿದ್ದು ಇದನ್ನ?" ಎಂದು ಚೀಲ ಕಿತ್ತುಕೊಂಡಳು.

ತೊಡೆಯ ಹೊರಬದಿ ಕೆಂಡದ ಬಣ್ಣಕ್ಕೆ ತಿರುಗಿತ್ತು. ನಡುವೆ ಅಂಗೈಯಗಲ ನೀರುಬೊಬ್ಬೆಗಳು, ಎರಡು ಆಗಲೇ ಒಡೆದು ಚರ್ಮ ಮುದುಡಿತ್ತು. ಅತ್ತೆ ಸುಖವಾಗಿ ನಿದ್ದೆ ಮಾಡುತ್ತಿದ್ದರು.

ನರ್ಸು ತಣ್ಣೀರಿನ ಬಟ್ಟೆ ತಂದದ್ದು, ಓಡಿದ್ದು, ಡಾಕ್ಟರುಗಳು ಬಂದದ್ದು, ಎಲ್ಲ ಇಸ್ತ್ರಿಯಮ್ಮನ ಕಣ್ಣ ಮುಂದೆ ಬೇರೆ ಯಾರದೋ ಮನೆಯಲ್ಲಿ ನಡೆದಂತೆ ನಡೆಯಿತು. ಮೂಳೆ ಡಾಕ್ಟರು ಅವಳನ್ನು ಹೊರಗೆ ಕರೆದರು.

"ಯಾರು ಮಾಡಿದ್ದು?"

ಆ ಬಿಳಿ ಅಂಗಿಯ ದಿನ ಅತ್ತೆ ಎದ್ದು ನಿಂತಿದ್ದರು. ಇವತ್ತು ಏಳಲು ಅವರಿಗೆ ಕಾಲಿರಲಿಲ್ಲ. "ನಾನೇ, ಸ್ವಾಮಿ" ಎಂದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಕೊಯ್ಯಬೇಕಾದ್ದು ಅಲ್ಲೇ ಅಮ್ಮ. ಸುಟ್ಟ ಚರ್ಮದಲ್ಲಿ ಕೊಯ್ದು ಒಳಗೆ ಕಬ್ಬಿಣ ಇಟ್ಟರೆ ಕೀವು ಮೂಳೆಗೆ ಇಳಿಯುತ್ತೆ. ನಾಳೆ ಆಗಲ್ಲ."

"ಮತ್ತೆ ಯಾವಾಗ?"

"ಚರ್ಮ ಮಾಗಬೇಕು. ವಾರಗಳೇ ಹಿಡೀಬಹುದು."

"ಅಲ್ಲೀವರೆಗೆ ಅತ್ತೆ?"

"ಮಲಗೇ ಇರಬೇಕು" ಎಂದರು ಅವರು, ಅವಳ ಮುಖ ನೋಡದೆ. ಪಕ್ಕದಲ್ಲಿದ್ದ ಅರಿವಳಿಕೆಯ ಡಾಕ್ಟರು, "ನೋವಿಗೆ ಮತ್ತೆ ಇಂಜೆಕ್ಷನ್ ಕೊಡ್ತೀನಿ. ಕಾಲಿಗೆ ಬಿಸಿಯೂ ಗೊತ್ತಾಗಲ್ಲ ಅಂತ ನಾನು ಬಿಡಿಸಿ ಹೇಳಬೇಕಿತ್ತು" ಎಂದರು. ಅವರ ಕಣ್ಣೂ ತುಂಬಿತ್ತು. ಆದರೆ ಮಲಗಿದಷ್ಟೂ ಕಷ್ಟ ಎಂದು ಬೆಳಿಗ್ಗೆ ಕೇಳಿದ ಮಾತು ಇಸ್ತ್ರಿಯಮ್ಮನ ಕಿವಿಯಲ್ಲಿ ಕೂತಿತ್ತು. ಒಳಗಿನಿಂದ ಅತ್ತೆ ಕೆಮ್ಮಿದರು. ಈ ಸಲದ ಕೆಮ್ಮಿನಲ್ಲಿ ಕಫವಿತ್ತು.

ಅವಳು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ನರ್ಸು ಬೊಬ್ಬೆಗಳಿಗೆ ತೆಳುಬಟ್ಟೆ ಹಾಸಿ ಹೋಗಿದ್ದಳು. ಕೆಂಪು ಚೀಲ ಬರಿದಾಗಿ, ಚಪ್ಪಟೆಯಾಗಿ ಕಿಟಕಿಯ ಕಟ್ಟೆಯ ಮೇಲೆ ಬಿದ್ದಿತ್ತು. ಅತ್ತೆಗೆ ಇನ್ನೂ ಏನೂ ಗೊತ್ತಿರಲಿಲ್ಲ. ಹೇಗೆ ಹೇಳುವುದು, ಯಾವ ಬಾಯಿಂದ ಹೇಳುವುದು ಎಂದು ಅವಳು ತಲೆತಗ್ಗಿಸಿ ಕೂತಿರುವಾಗಲೇ ಅತ್ತೆ ಕಣ್ಣು ಬಿಟ್ಟರು. ತೊಡೆಯ ಕಡೆ ಏನನ್ನೋ ಗಮನಿಸಿದರು. ಆಮೇಲೆ ಅವರ ಮುಖ ಅರಳಿತು.

"ಲೇ! ತಾಗ್ತಿದೆ ಕಣೇ! ಈಗ ಬಿಸಿ ತಾಗ್ತಿದೆ!"

ಇಸ್ತ್ರಿಯಮ್ಮ ಕಿಟಕಿಯ ಕಟ್ಟೆಯ ಮೇಲಿನ ಬರಿದಾದ ಚೀಲ ನೋಡಿದಳು.

"ನಾನು ಹೇಳಲಿಲ್ವಾ ಬಂದೀತು ಅಂತ? ಕಾಲು ವಾಪಸ್ ಬಂತು. ನಿನ್ನ ಕೈಗುಣ ಕಣೇ." ಅತ್ತೆ ಅವಳ ಜಡ್ಡು ಅಂಗೈಯನ್ನು ಹುಡುಕಿ ಹಿಡಿದುಕೊಂಡರು. ಹಿಡಿದ ಕೈ ಮೆಲ್ಲಗೆ ಬಿಗಿಯಾಯಿತು. ಹುಬ್ಬು ಗಂಟಿಕ್ಕಿತು. "ಹಾಂ, ಸಾಕು. ಸ್ವಲ್ಪ ಜಾಸ್ತೀನೇ ಆಯ್ತು. ತೆಗೆದುಬಿಡು."

ಅವಳು ಹೊದಿಕೆಯೊಳಗೆ ಇನ್ನೊಂದು ಕೈ ತೂರಿಸಿ, ಏನೂ ಇಲ್ಲದ ಜಾಗದಿಂದ ಏನನ್ನೋ ಎತ್ತಿದಂತೆ ಮಾಡಿ ಹೊರತೆಗೆದಳು.

"ತೆಗೆದೆ, ಅತ್ತೆ."

"ಎಲ್ಲಿ ತೆಗೆದೆ?" ಎಂದರು ಅತ್ತೆ. "ಇನ್ನೂ ಸುಡ್ತಿದೆ, ತೆಗಿಯೇ."