ನಾನು ತೆಗೆದ ಸಾಲು

ಓದುವಾಗ ಅಕ್ಕನ ತುಟಿಗಳು ಅಲುಗುತ್ತಿದ್ದವು. ದನಿ ಹೊರಡುತ್ತಿರಲಿಲ್ಲ; ಕೆಳತುಟಿಯ ಮೇಲಿನ ಕಪ್ಪು ಮಚ್ಚೆ ಮಾತ್ರ ಕಂಪ್ಯೂಟರಿನ ಬೆಳಕಿನಲ್ಲಿ ಮೇಲೆ ಕೆಳಗೆ ಆಡುತ್ತಿತ್ತು. ಮಚ್ಚೆ ನಿಂತಿತೆಂದರೆ ನಾನು ಬರೆದದ್ದರಲ್ಲಿ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಒಡಹುಟ್ಟಿದ ಅಕ್ಕ ಅಲ್ಲ. ಹೊಸೂರಿನ ಒಂದು ಚಿಕ್ಕ ಸಾಫ್ಟ್‌ವೇರ್ ಕಚೇರಿಯಲ್ಲಿ ನನಗಿಂತ ಹಿರಿಯರು. ದಿನವೂ ಉದ್ದನಪಲ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸುತ್ತಲಿನ ಕಾರ್ಖಾನೆಗಳಿಗೆ ನಮ್ಮಲ್ಲಿ ಮಾಡಿಕೊಡುತ್ತಿದ್ದ ಪ್ರೋಗ್ರಾಂಗಳನ್ನು ಬಳಸುವುದು ಹೇಗೆಂದು ಬರೆಯುವುದು ನಮ್ಮಿಬ್ಬರ ಕೆಲಸ. ಕಳೆದ ವರ್ಷ ಒಂದು ಕಾರ್ಖಾನೆಗೆಂದು ಬಂದದ್ದು ಮಾತ್ರ ಬೇರೆ ಥರದ್ದು: ಇಮೇಲ್‌ಗಳನ್ನು ಹುಡುಕಿ ತರುವ ಒಂದು ಟೂಲ್. ಅದನ್ನು ಬಳಸುವವರು ಮನುಷ್ಯರಲ್ಲ, ಎಐ ಏಜೆಂಟ್, ಅಂದರೆ ವಹಿಸಿದ ಕೆಲಸವನ್ನು ತಾನೇ ಮಾಡಿ ಮುಗಿಸುವ ಪ್ರೋಗ್ರಾಂ. ನಾವು ಬರೆದ ವಿವರಣೆಯನ್ನು ಓದಿಕೊಂಡೇ ಅದು ಕೆಲಸ ಮಾಡಬೇಕು.

ನನ್ನ ಮೊದಲ ಕರಡನ್ನು ಅಕ್ಕ ತಾವೇ ಏಜೆಂಟ್ ಆಗಿ ಓದಿದರು. 'ಮೇಲ್‌ಗಳನ್ನು ತರುತ್ತದೆ' ಎಂದು ಬರೆದಿದ್ದೆ.

"ಯಾವ ಮೇಲ್ ಕಣೆ? ಎಷ್ಟು? ಎಲ್ಲಾನೂ ಹೊತ್ಕೊಂಡ್ ಬಂದು ನಿನ್ ತಲೆ ಮೇಲೆ ಸುರೀಲಾ?"

"ಅಷ್ಟೂ ಗೊತ್ತಾಗಲ್ವಾ ಅಕ್ಕ ಅದಕ್ಕೆ?"

"ನಿಂಗೆ ಅನುಮಾನ ಬಂದ್ರೆ ಪಕ್ಕದೋರ್ನ ಕೇಳ್ತೀಯ. ಅದು ಕೇಳಲ್ಲ. ನೀನು ಬರ್ದಿದ್ದನ್ನೂ ಮಾಡ್ತದೆ, ಬ್ಯಾಡ ಅಂತ ಬರೀದೇ ಇದ್ದಿದ್ದನ್ನೂ ಮಾಡ್ಬುಡ್ತದೆ."

ಆ ಟೂಲ್ ಒಂದು ಮೇಲನ್ನು ತಂದರೆ, ಇನ್‌ಬಾಕ್ಸಿನಲ್ಲಿ ಅದರ ದಪ್ಪ ಅಕ್ಷರ ತೆಳ್ಳಗಾಗಿ, ಯಾರೋ ಆಗಲೇ ಓದಿದಂತೆ ಕಾಣುತ್ತಿತ್ತು. ಹಾಗಾಗದಂತೆ ತರುವ ಆಯ್ಕೆಯೂ ಇತ್ತು. "ಆ ಆಯ್ಕೆ ಇಲ್ದೆ ತರಬಾರ್ದು ಅಂತ ಮೊದಲನೇ ಸಾಲಲ್ಲೇ ಹಾಕು. ಅಲ್ಲಿ ಜನ ದಪ್ಪಗಿರೋದನ್ನ ಮಾತ್ರ ತೆಗ್ದು ನೋಡೋದು" ಎಂದರು. ಹಾಕಿದೆ.

ಆಮೇಲೆ ಅಕ್ಕ ಹೊಟ್ಟೆಯ ಗೆಡ್ಡೆಯ ಚಿಕಿತ್ಸೆಗೆ ಬೆಂಗಳೂರಿಗೆ ಹೋದರು. ಆ ವಾರವೇ ಮಾಲೀಕರು, ವಿವರಣೆ ಉದ್ದವಾಯಿತು, ಅರ್ಧಕ್ಕೆ ಇಳಿಸಿ ಎಂದು ಅಕ್ಕನಿಗೆ ಹೇಳಿಕಳಿಸಿದರು; ಅಕ್ಕ ಅದನ್ನು ನನಗೆ ಒಪ್ಪಿಸಿದರು. ಇಳಿಸುವಾಗ ಆ ಸಾಲನ್ನೂ ತೆಗೆದೆ. ಇಷ್ಟು ಚಿಕ್ಕ ವಿಷಯಕ್ಕೆ ಒಂದು ಸಾಲು ಬೇಕೇ ಎಂದುಕೊಂಡೆ. ಫೋನ್ ಮಾಡಿದರೆ ಅಕ್ಕ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. "ಮುಗೀತಾ? ಯಾವಾಗ್ಲಿನಂಗೆ ನನ್ ಹೆಸ್ರು ಹಾಕಿ ಕಳ್ಸು. ನೀನ್ ನೋಡಿದ್ರೆ ನಾನ್ ನೋಡ್ದಂಗೇ" ಎಂದರು.

ಕೆಲವು ವಾರಗಳಾದ ಮೇಲೆ ಒಂದು ಶನಿವಾರ, ಆ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ವಿಭಾಗದ ಮೇಲ್ವಿಚಾರಕರು ರಿಪೇರಿಯವರಿಗೆ ಮೇಲ್ ಕಳಿಸಿದರು: ಕೈ ಒಳಗೆ ಹೋಗದಂತೆ ಕಾಯುವ ಯಂತ್ರದ ತಡೆ ಕೆಲಸ ಮಾಡುತ್ತಿಲ್ಲ, ಸೋಮವಾರ ಓಡಿಸುವುದರೊಳಗೆ ಸರಿಮಾಡಿ. ಸರಕು ಹೊರಡುವ ದಿನಗಳನ್ನು ಹುಡುಕುತ್ತಿದ್ದ ಏಜೆಂಟ್ ಆ ಮೇಲನ್ನೂ ತಂದು ನೋಡಿ, ತನಗೆ ಬೇಡವೆಂದು ಬಿಟ್ಟಿತು. ಇನ್‌ಬಾಕ್ಸಿನಲ್ಲಿ ಅಕ್ಷರ ತೆಳ್ಳಗಾಯಿತು. ಯಾರೋ ಓದಿಯಾಗಿದೆ ಎಂದುಕೊಂಡು ರಿಪೇರಿಯವರು ತೆಗೆಯಲಿಲ್ಲ. ಸೋಮವಾರ, ರಿಪೇರಿ ಆಗಿದೆಯೆಂದು ನಂಬಿ ಯಂತ್ರ ಓಡಿಸಿದ ರಾಯಕೋಟೆಯ ಒಬ್ಬ ಕೆಲಸಗಾರನ ಬಲಗೈಯ ಎರಡು ಬೆರಳು ಹೋದವು.

ಕಚೇರಿಯಲ್ಲಿ ಎಲ್ಲರನ್ನೂ ಕೂರಿಸಿ ಮಾಲೀಕರು ಕೇಳಿದರು, ಇದನ್ನು ಬರೆದವರು ಯಾರು? ನಾನು ಮೇಜನ್ನು ನೋಡುತ್ತಿದ್ದೆ.

"ನಂದೇ ಸಾರ್. ಕೆಳಗೆ ಹೆಸ್ರೈತಲ್ಲ" ಎಂದರು ಅಕ್ಕ. ಚಿಕಿತ್ಸೆಯ ನಡುವೆಯೇ ಕೆಲಸಕ್ಕೆ ಮರಳಿದ್ದರು; ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು. ಕೂದಲು ಉದುರಿತ್ತು.

ಅವತ್ತೇ ಕೆಲಸ ಹೋಯಿತು. ಅದರೊಂದಿಗೆ ಕಚೇರಿಯ ಆರೋಗ್ಯ ವಿಮೆಯೂ. ಬಸ್ ಸ್ಟ್ಯಾಂಡಿನವರೆಗೂ ಅಳುತ್ತಾ ಹಿಂದೆ ಹೋದೆ.

"ನಾಳೆ ಹೋಗಿ ನಿಜ ಹೇಳ್ತೀನಿ ಅಕ್ಕ."

"ಸುಮ್ನಿರೇ. ಓದ್ದೆ ಹೆಸ್ರು ಹಾಕ್ಸಿದ್ದು ನಾನಲ್ವಾ? ಭಾನುವಾರ ರಾಯಕೋಟೆಗೆ ಹೋಗಿ ಅವನ್ನ ನೋಡ್ಕೊಂಡ್ ಬರಾನ, ಬತ್ತೀಯಾ?"

ಬರುತ್ತೇನೆ ಎಂದೆ. ಭಾನುವಾರ ಜ್ವರ ಎಂದು ಸುಳ್ಳು ಹೇಳಿದೆ. ನಿಜವನ್ನು ಮರುದಿನವೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅಕ್ಕ ಬಾಳೆಹಣ್ಣು ತೆಗೆದುಕೊಂಡು ಒಬ್ಬರೇ ಹೋಗಿ ಬಂದರು. "ಎಡಗೈಲಿ ಮುದ್ದೆ ಮುರಿಯಾಕೆ ಕಲೀತಾವ್ನೆ ಕಣೆ" ಎಂದಷ್ಟೇ ಫೋನಿನಲ್ಲಿ ಹೇಳಿದರು. ನನ್ನ ಜ್ವರದ ಬಗ್ಗೆ ವಿಚಾರಿಸಿದರು.

ವಿಮೆ ಇಲ್ಲದೆ ಬೆಂಗಳೂರಿನ ಚಿಕಿತ್ಸೆ ನಿಂತಿತು. ಕೃಷ್ಣಗಿರಿಯ ಸರ್ಕಾರಿ ಆಸ್ಪತ್ರೆಗೆ ಓಡಾಡಿದರು. ನಾಲ್ಕು ತಿಂಗಳು ಇದ್ದರು.

ಮಣ್ಣಾದ ಮಾರನೆಯ ದಿನ ಉದ್ದನಪಲ್ಲಿಗೆ ಹೋದೆ. ಅವರ ಯಜಮಾನರು ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿ, ತಾವೇ ನೀರು ತಂದುಕೊಟ್ಟರು.

"ನಿನ್ ಸುದ್ದಿ ಬಾಳ ಹೇಳೋಳು ಕಣಮ್ಮ. ಅಚ್ಚುಕಟ್ಟಾಗಿ ಬರೀತಾಳೆ ಅನ್ನೋಳು. ಇವ್ಳೇ ಯಾವ್ದೋ ಒಂದು ಸಾಲು ಮರ್ತು, ಯಾರ್ದೋ ಕೈ ಹೋಯ್ತಂತಲ್ಲ, ಅದ್ನೇ ಕೊರಗಿ ಕೊರಗಿ ಹೋದ್ಲು."

ಮನೆಯಲ್ಲೂ ಅಕ್ಕ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ.

"ಅಕ್ಕ ಮರೆತಿರಲಿಲ್ಲ" ಎಂದೆ.

ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡು ಅವರು ತಲೆಯಾಡಿಸಿ ಕಣ್ಣೊರೆಸಿಕೊಂಡರು. ಹಾಗೆಯೇ ಅಂದುಕೊಳ್ಳಲಿ ಎಂದು ನಾನು ಸುಮ್ಮನಾದೆ.