ಇಂಚುಪಟ್ಟಿ ಮರೆತ ಸ್ಟ್ಯಾಂಡು

ಬೈಕುಗಳ ಸೀಟು ಹೊಲಿಯುವವನಿಗೆ ಬೀದಿಯವರು ಇಟ್ಟ ಹೆಸರು ಇಂಚುಪಟ್ಟಿ. ಯಾರೇ ಎದುರಾಗಲಿ, ಅವನು ನೋಡುವುದು ಮುಖವನ್ನಲ್ಲ, ಅವರು ಕೂರುವ ಬಗೆಯನ್ನು. ಬೀಗರ ಮನೆಗೆ ಹೋದಾಗಲೂ "ಸೋಫಾ ಎಡಗಡೆ ಕುಸಿದಿದೆ, ಅತ್ತಿಗೆ ಅಲ್ಲೇ ಕೂರ್ತಾರಲ್ವಾ?" ಎಂದು ಕೇಳಿ ಹೆಂಡತಿಯಿಂದ ತಿವಿಸಿಕೊಂಡಿದ್ದ.

ಆ ಗುರುವಾರ ನರ್ಸಮ್ಮ ಎತ್ತರದ ಬೈಕೊಂದನ್ನು ತಳ್ಳಿಕೊಂಡು ಬಂದಳು. ಹಾಸಿಗೆ ಹಿಡಿದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ ಅವಳದು. ಈಗ ದೂರದ ಬಡಾವಣೆಗಳನ್ನೂ ಅವಳ ಪಾಲಿಗೆ ಸೇರಿಸಿ ಆಸ್ಪತ್ರೆಯವರು ಈ ಬೈಕು ಕೊಟ್ಟಿದ್ದರು. ಓಡಿಸಲು ಬರುತ್ತಿತ್ತು, ನಿಲ್ಲಿಸುವಾಗ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಸೋಮವಾರ ಮೇಲಧಿಕಾರಿಯ ಎದುರು ಓಡಿಸಿ ತೋರಿಸದಿದ್ದರೆ ಕೆಲಸ ಇನ್ನೊಬ್ಬರಿಗೆ.

"ಎಂಟು ವರ್ಷ ನಡ್ಕೊಂಡೇ ನೋಡಿರೋ ರೋಗಿಗಳಣ್ಣ. ಎರಡು ಇಂಚಿಗೋಸ್ಕರ ಬಿಟ್ಟುಕೊಡ್ಲಾ?"

ಇಂಚುಪಟ್ಟಿಗೆ ಹುರುಪು ಬಂತು. ಪಕ್ಕದಂಗಡಿಯ ಮೆಕ್ಯಾನಿಕ್ ಊರಲ್ಲಿರಲಿಲ್ಲ. ಅವನ ಸ್ಪ್ಯಾನರು ತಂದು ಬೈಕಿನ ಹಿಂಭಾಗವನ್ನು ತಾನೇ ಎರಡು ಇಂಚು ತಗ್ಗಿಸಿದ. ನರ್ಸಮ್ಮ ಹತ್ತಿದಳು, ಎರಡೂ ಪಾದ ನೆಲಕ್ಕೆ ಊರಿದವು. ಖುಷಿಯಿಂದ ಇಳಿದು ಸೈಡ್ ಸ್ಟ್ಯಾಂಡ್ ಹಾಕಿ ತಿರುಗಿದ್ದಳಷ್ಟೆ, ಬೈಕು ದೊಪ್ಪೆಂದು ಆಚೆ ಬದಿಗೆ ಬಿತ್ತು.

ಬೈಕು ತಗ್ಗಿತ್ತು, ಸ್ಟ್ಯಾಂಡಿನ ಉದ್ದ ಹಾಗೇ ಇತ್ತು. ಸ್ಟ್ಯಾಂಡಿನತ್ತ ವಾಲಬೇಕಾದ ಗಾಡಿ ನೆಟ್ಟಗೆ ನಿಂತು ಉರುಳಿತ್ತು.

"ದಿನಾ ಗಾಡಿ ನಿಲ್ಲಿಸೋರಿಗೆ ಇದು ಹೊಳೀದೇ ಇರುತ್ತಾ?" ನರ್ಸಮ್ಮ ಅವನನ್ನೇ ದಿಟ್ಟಿಸಿದಳು. "ಅಣ್ಣ, ನಿಮಗೆ ಬೈಕ್ ಓಡಿಸೋಕೆ ಬರುತ್ತಾ?"

ಮೂವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಅವನೂ ಗಿಡ್ಡನೇ. ಹರೆಯದಲ್ಲಿ ಗೆಳೆಯರೆದುರು ಬಿದ್ದು ನಗೆಪಾಟಲಾದ ಮೇಲೆ ಬೈಕು ಓಡಿಸುವ ಗೋಜಿಗೇ ಹೋಗಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಇಲ್ಲಮ್ಮ" ಎಂದ.

ಅವಳು ನಗಲಿಲ್ಲ. ಬೈಕು ಎತ್ತಿಸಿ ಮತ್ತೆ ಹತ್ತಿ ಕೂತಳು. ಅವನ ನಾಚಿಕೆ ಅಲ್ಲೇ ಮರೆತುಹೋಯಿತು, ಕಣ್ಣು ಸೀಟಿನ ಮೇಲೆ ನೆಟ್ಟಿತು.

"ಕಾಲು ಗಿಡ್ಡ ಅಲ್ಲಮ್ಮ, ಸೀಟು ಅಗಲ! ತೊಡೆಗಳನ್ನ ಹೊರಗೆ ತಳ್ತಿದೆ ನೋಡು."

ತಗ್ಗಿಸಿದ್ದನ್ನು ಮೊದಲಿನಂತೆ ಮಾಡಿದ. ಸೀಟಿನ ಮುಂಭಾಗದ ಸ್ಪಂಜನ್ನು ಎರಡೂ ಬದಿಯಲ್ಲಿ ಕೆತ್ತಿ ಹೊಸದಾಗಿ ಹೊಲಿದ. ಭಾನುವಾರ ನರ್ಸಮ್ಮ ಕೂತಾಗ ಬರೀ ಕಾಲ ತುದಿಬೆರಳುಗಳು ನೆಲ ಮುಟ್ಟಿದವು. ಅವನ ಮುಖ ಬಾಡಿತು.

"ಎರಡೂ ಯಾಕಣ್ಣ? ಒಂದು ಸಾಕು." ಅವಳು ಸೊಂಟವನ್ನು ಒಂಚೂರು ಜರುಗಿಸಿದಳು. ಎಡಪಾದ ಪೂರ್ತಿ ಊರಿತು. ಇಂಚುಪಟ್ಟಿ ಬಾಯಿ ಬಿಟ್ಟುಕೊಂಡು ನೋಡಿದ. ಎರಡೂ ಕಾಲು ಎಟುಕಲೇಬೇಕೆಂದು ಅವನು ಇಷ್ಟು ವರ್ಷ ನಂಬಿಕೊಂಡಿದ್ದ.

ಸೋಮವಾರ ಮಧ್ಯಾಹ್ನ ಅವಳು ಬಂದಾಗ ಹಿಂದಿನ ಸೀಟಿಗೆ ಔಷಧಿಯ ಚೀಲ ಕಟ್ಟಿತ್ತು. ಸ್ಟ್ಯಾಂಡ್ ಹಾಕಿ, ಬೀಗದ ಕೈ ಅವನತ್ತ ಚಾಚಿದಳು.

"ರೋಗಿಗಳು ನನಗೇ ಉಳಿದ್ರು. ಈಗ ನೀವು ಹತ್ತಿ, ನಾನು ಹಿಡ್ಕೋತೀನಿ."

ಅವನು ಬೀದಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದ. ನಗಲು ಯಾರೂ ನಿಂತಿರಲಿಲ್ಲ. ಹತ್ತಿದ, ಸೊಂಟ ಜರುಗಿಸಿದ. ಎಡಪಾದ ನೆಲ ಮುಟ್ಟಿತು. ತೊಡೆಯ ಬದಿಯ ಹೊಲಿಗೆಯನ್ನು ಬೆರಳಿಂದ ತಡವಿದ.

"ಮುಂದುಗಡೆ ಇನ್ನೊಂಚೂರು ಕೆತ್ತಬಹುದಿತ್ತಮ್ಮ" ಎಂದ. ಇಂಥ ಮಾತನ್ನು ಅವನು ಸೀಟಿನ ಮೇಲೆ ಕೂತು ಹೇಳಿದ್ದು ಅದೇ ಮೊದಲು.