ಅಣಬೆಯಿಲ್ಲದ ಅಣಬೆ ಪೆನ್ನು ಒಡೆಯುವ ಬರ್ನಿಸ್

ಬೆಳಗಿನ ಐದೂಮುಕ್ಕಾಲು. ಅಮೆರಿಕದ ಟೊಲೆಡೊ ಊರಿನ ಉತ್ತರ ಭಾಗದಲ್ಲಿ, ಹಿಂದೊಮ್ಮೆ ಕಾರಿನ ಸೈಲೆನ್ಸರ್ ರಿಪೇರಿ ಮಾಡುತ್ತಿದ್ದ ಶೆಡ್ಡೊಂದರಲ್ಲಿ ಆಗಲೇ ದೀಪ ಹೊತ್ತಿದೆ. ಈಗದು ಸರಕು ಪರೀಕ್ಷಿಸುವ ಲ್ಯಾಬು. ಒಳಗೆ ಬರ್ನಿಸ್ ಕುಹಾರ್ಸ್ಕಿ ಕಬ್ಬಿಣದ ಮೇಜಿನ ಮುಂದೆ ನಿಂತಿದ್ದಾರೆ. ಕೈಗೆ ಎರಡು ಜೊತೆ ಗವಸು, ಕಣ್ಣಿಗೆ ಈಜುವವರು ಹಾಕುವಂಥ ಕನ್ನಡಕ, ಕಾಲ ಬಳಿ ಒಂದು ಬಕೆಟ್ ಮರಳು. ಮೇಜಿನ ಮೇಲೆ ಬೆರಳುದ್ದದ ಕೆಂಪು ಪೆನ್ನೊಂದು ಬಿದ್ದಿದೆ. ಬರೆಯುವುದಲ್ಲ, ಬಾಯಿಗಿಟ್ಟು ಹಬೆ ಎಳೆಯುವ ವೇಪ್ ಪೆನ್ನು. ಅದರ ಮೈಮೇಲೆ ನಗುತ್ತಿರುವ ಅಣಬೆಯ ಚಿತ್ರ.

ಬರ್ನಿಸ್ ಪ್ಲಾಸ್ಟಿಕ್ ಚಾಕುವನ್ನು ಪೆನ್ನಿನ ಸೀಳಿಗೆ ತೂರಿಸಿ ಒಂದು ಸಲ ತಿರುಚುತ್ತಾರೆ. ಟಪ್ಪೆಂದು ಹೊಟ್ಟೆ ಬಿಚ್ಚಿಕೊಳ್ಳುತ್ತದೆ. ಮೊದಲು ಬ್ಯಾಟರಿ ಹೊರಗೆ, ನೇರ ಮರಳಿಗೆ. ಆಮೇಲೆ ಒಳಗಿನ ಹತ್ತಿಯ ಸುರುಳಿ. ಅದನ್ನು ಸಿರಿಂಜಿಗೆ ತುರುಕಿ ಹಿಂಡಿದರೆ ಬೆಲ್ಲದ ಪಾಕದಂಥ ನಾಲ್ಕು ಹನಿ ಗಾಜಿನ ಸೀಸೆಗೆ ಬೀಳುತ್ತದೆ. ಅರ್ಧ ಪರೀಕ್ಷೆಗೆ, ಅರ್ಧ ಫ್ರೀಜರಿಗೆ.

"ಲೋಹದ ಚಾಕು ಹಾಕಿದ್ರೆ ಬ್ಯಾಟರಿ ಬುಸ್ ಅನ್ನತ್ತೆ. ಒಂದ್ಸಲ ಅಂದಿತ್ತು. ಈ ಹುಬ್ಬು ನೋಡಿ, ಅರ್ಧ ಹುಬ್ಬು ಪೆನ್ಸಿಲಿಂದ ಬರ್ಕೊಂಡಿರೋದು," ಎಂದು ಅವರು ನಗುತ್ತಾರೆ.

ಮೂಸುವುದು ಮಾತ್ರ ಇಲ್ಲ. ಮಾವಿನ ವಾಸನೆ ಬಂದರೂ ಇಲ್ಲ, ಮಲ್ಲಿಗೆ ವಾಸನೆ ಬಂದರೂ ಇಲ್ಲ. ಎಂಟು ಗಂಟೆಗೆ ಉಳಿದವರು ಕಾಫಿ ಹಿಡಿದು ಬರುವಷ್ಟರಲ್ಲಿ ಹದಿನಾಲ್ಕು ಪೆನ್ನು ಒಡೆದು ಮುಗಿದಿರಬೇಕು. ವಾರಕ್ಕೆ ಐದು ದಿನ, ಹೀಗೆ ಒಂಬತ್ತು ವರ್ಷ. ಪೆನ್ನು ಸೇದುವವರಿಗೆ ಇವರು ಯಾರೆಂದು ಗೊತ್ತಿಲ್ಲ. ಮಾರುವವರಿಗೆ ಗೊತ್ತಿದೆ, ಆದರೆ ಅವರಿಗೆ ಇಷ್ಟವಿಲ್ಲ.

ಈ ಅಣಬೆ ಪೆನ್ನುಗಳ ಹುಚ್ಚು ಈಗ ಊರೆಲ್ಲ ಹಬ್ಬಿದೆ. ಪೆಟ್ರೋಲ್ ಬಂಕಿನಲ್ಲಿ, ಲಾಟರಿ ಚೀಟಿಯ ಪಕ್ಕದಲ್ಲಿ, ಕಡಲೆಬೀಜದ ಪೊಟ್ಟಣದ ಮೇಲೆ ನೇತು ಹಾಕಿರುತ್ತಾರೆ. ಒಂದರ ಮೇಲೆ ನೆನಪು ಚುರುಕಾಗುತ್ತದೆ ಎಂದು ಬರೆದಿದೆ, ಇನ್ನೊಂದರ ಮೇಲೆ ನಿದ್ದೆ ಬರುತ್ತದೆ ಎಂದು. ಮೂರನೆಯದರ ಮೇಲೆ ಏನನ್ನೂ ನೇರವಾಗಿ ಬರೆದಿಲ್ಲ. ಕಣ್ಣು ಹೊಡೆಯುವ ಅಣಬೆಯ ಚಿತ್ರವಿದೆ, ಅಮಲಿನದು ಎಂದು ಕೊಳ್ಳುವವರಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ.

ಒಳಗೇನಿದೆ? ಬರ್ನಿಸ್ ಲೆಕ್ಕ ಬಾಯಿಪಾಠ ಹೇಳುತ್ತಾರೆ. ಕಳೆದ ವರ್ಷ ಅವರು ಒಡೆದ ಸಾವಿರಾರು ವೇಪ್ ಪೆನ್ನುಗಳಲ್ಲಿ ಅಣಬೆಯವು ಇನ್ನೂರ ಹನ್ನೆರಡು. ನೆನಪಿನದು, ನಿದ್ದೆಯದು ಎಂದು ಮಾರುವವು ನೂರ ಮೂವತ್ತೆಂಟು. ಅವುಗಳಲ್ಲಿ ನೂರ ಒಂದರಲ್ಲಿ ಅಣಬೆಯ ಗುರುತೇ ಇಲ್ಲ. ಗ್ಲಿಸರಿನ್, ಸಿಹಿ, ಹಣ್ಣಿನ ವಾಸನೆ, ಅಷ್ಟೇ. ಕೆಲವಕ್ಕೆ ಕಾಫಿಯಲ್ಲಿರುವ ಕೆಫೀನ್ ಬೆರೆಸಿದ್ದಾರೆ, ಎಳೆದವನಿಗೆ ಏನೋ ಆಯಿತು ಅನ್ನಿಸಬೇಕಲ್ಲ. ಉಳಿದ ಮೂವತ್ತೇಳರಲ್ಲಿ ಅಣಬೆಯ ಸಾರ ಇದ್ದದ್ದು ನಿಜ, ಇದ್ದೂ ಪ್ರಯೋಜನವಿಲ್ಲ.

"ಅಣಬೇಲಿ ಒಳ್ಳೇದು ಅಂತ ಏನ್ ಹೇಳ್ತಾರೋ ಅದು ನಾರು ಇದ್ದಂಗೆ. ಸಕ್ಕರೆನ ಬಾಣಲೆಗೆ ಹಾಕಿ ಕಾಯ್ಸಿ. ಹಬೆ ಆಗತ್ತಾ? ಕರಟಿ ಹೋಗತ್ತೆ. ಇದೂ ಹಂಗೇ. ಅಣಬೆ ಬೇಕಾದ್ರೆ ಬೆಣ್ಣೇಲಿ ಹುರ್ಕೊಂಡು ತಿನ್ನಿ. ಶ್ವಾಸಕೋಶಕ್ಕೆ ಯಾಕೆ ತಿನ್ನಿಸ್ತೀರಾ?"

ಇನ್ನುಳಿದ ಎಪ್ಪತ್ನಾಲ್ಕು ಅಮಲಿನವು. ಅವು ಕೆಲಸ ಮಾಡುತ್ತವೆಯೇ? ಮಾಡುತ್ತವೆ, ಬಹಳಷ್ಟು. ಆದರೆ ಕೆಲಸ ಮಾಡುವುದು ಅಣಬೆಯಲ್ಲ. ಅಮಲಿನ ಅಣಬೆಯ ಮುಖ್ಯ ಅಂಶವೂ ಆ ಬಿಸಿಗೆ ಕೆಡುವಂಥದ್ದೇ. ಅದಕ್ಕೆ ಎಲ್ಲೋ ಕುಳಿತವರು ಅದನ್ನೇ ಹೋಲುವ ರಾಸಾಯನಿಕ ದಾಯಾದಿಯೊಂದನ್ನು ಕಾರ್ಖಾನೆಯಲ್ಲಿ ಬೇಯಿಸಿ ತುಂಬುತ್ತಾರೆ. ಕೆಲವರು ಗಾಂಜಾದ ನಕಲಿ ತುಂಬುತ್ತಾರೆ. ಒಂದೇ ಡಬ್ಬಿಯ ಎರಡು ಪೆನ್ನು ಒಡೆದರೆ ಒಂದರಲ್ಲಿ ಇನ್ನೊಂದರ ನಾಲ್ಕು ಪಟ್ಟು ಇರುತ್ತದೆ. ಸೇದುವವನು ಜೂಜಾಡುತ್ತಿದ್ದಾನೆ, ಅವನಿಗದು ಗೊತ್ತಿಲ್ಲ.

ಬರ್ನಿಸ್ ರಸಾಯನಶಾಸ್ತ್ರ ಓದಿದವರಲ್ಲ. ಹೈಸ್ಕೂಲು ಮುಗಿಸಿ ಗಾಜಿನ ಕಾರ್ಖಾನೆ ಸೇರಿದರು. ಬೆಲ್ಟಿನ ಮೇಲೆ ಓಡುವ ಬಾಟಲಿಗಳಲ್ಲಿ ಕೂದಲೆಳೆಯ ಬಿರುಕು ಹುಡುಕುವ ಕೆಲಸ, ಇಪ್ಪತ್ತೆರಡು ವರ್ಷ. ಕಾರ್ಖಾನೆ ಮುಚ್ಚಿದಾಗ ಈ ಲ್ಯಾಬಿಗೆ ಸೀಸೆ ತೊಳೆಯಲು ಬಂದರು. ತೊಳೆಯುತ್ತಾ ಕೇಳಿದರು, ಕೇಳುತ್ತಾ ಕಲಿತರು. ಆರು ವರ್ಷದ ಮೇಲೆ ಪರೀಕ್ಷೆ ಕಟ್ಟಿ, ವರದಿಯ ಕೆಳಗೆ 'ಪರೀಕ್ಷಿಸಿದವರು' ಎಂದಿರುವ ಜಾಗದಲ್ಲಿ ಸಹಿ ಹಾಕುವ ಅಧಿಕಾರ ಪಡೆದರು. ಆ ದಿನ ಅವರ ತಾಯಿ ಎಲೆಕೋಸಿನ ಪಿಯರೋಗಿ ಕಡುಬು ಮಾಡಿ ಇಡೀ ಬೀದಿಗೆ ಹಂಚಿದ್ದರಂತೆ.

ಈ ವರ್ಷದ ಮಾರ್ಚಿನಲ್ಲಿ ಆ ಸಹಿಯೇ ಅವರ ಕೊರಳಿಗೆ ಸುತ್ತಿಕೊಂಡಿತು.

ಹೊಗೆ ಸಾಮಾನು ಮಾರುವ ಅಂಗಡಿಯ ಡ್ವೇನ್ ಪ್ರಾಥರ್ ಎಂಬಾತ ಒಂದು ಶುಕ್ರವಾರ ಕೆಂಪು ಪೆನ್ನು ತಂದು ಪರೀಕ್ಷೆಗೆ ಕೊಟ್ಟ. ಬರ್ನಿಸ್ ಎಂದಿನಂತೆ ಒಡೆದರು, ಹನಿಯನ್ನು ಮೆಥನಾಲ್ ಎಂಬ ಮದ್ಯಸಾರದಲ್ಲಿ ಕರಗಿಸಿ ಕಪಾಟಿನಲ್ಲಿಟ್ಟರು, ಹನ್ನೆರಡು ಗಂಟೆಗೆ ಹೊರಟರು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಅವರ ಶುಕ್ರವಾರಗಳು ಅರ್ಧ ದಿನದವು. ಆ ದಿನಗಳಲ್ಲಿ ಅವರ ಕ್ಯಾಥೊಲಿಕ್ ಜನ ಮಾಂಸ ಮುಟ್ಟುವುದಿಲ್ಲ, ಮೀನಾದರೆ ಆಗುತ್ತದೆ. ಚರ್ಚಿನ ನೆಲಮಾಳಿಗೆಯಲ್ಲಿ ಮುನ್ನೂರು ಮಂದಿಗೆ ಪರ್ಚ್ ಮೀನು ಕರಿಯಬೇಕು, ಎಣ್ಣೆಯ ಬಾಣಲೆ ಬರ್ನಿಸ್ ಪಾಲಿನದು. ಕರಗಿಸಿಟ್ಟ ಸೀಸೆ ಯಂತ್ರಕ್ಕೆ ಹೋದದ್ದು ಸೋಮವಾರ. ಯಂತ್ರ ಸಿಲೋಸಿನ್ ಎಂದಿತು. ನಿಜವಾದ ಅಮಲಿನ ಅಣಬೆಯಲ್ಲಿ ಸಿಗುವ ವಸ್ತು ಅದು. ಬರ್ನಿಸ್ 'ಇದೆ' ಎಂದು ಬರೆದು ಸಹಿ ಹಾಕಿದರು.

ಪ್ರಾಥರ್ ಆ ಕಾಗದಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯ ಕಿಟಕಿಯಲ್ಲಿಟ್ಟ. ಮೇಲೆ ದಪ್ಪ ಅಕ್ಷರ: 'ಅಸಲಿ ಅಣಬೆ. ಲ್ಯಾಬ್ ಒಪ್ಪಿದ್ದು.'

ಮೇ ತಿಂಗಳ ಒಂದು ಮಂಗಳವಾರ ಮಾರ್ಲಾ ಯೂಬ್ಯಾಂಕ್ಸ್ ಎಂಬ ಶಾಲಾ ಬಸ್ಸಿನ ಚಾಲಕಿ ಲ್ಯಾಬಿನ ಬಾಗಿಲು ತಳ್ಳಿಕೊಂಡು ಬಂದರು. ಎಡಗೈಗೆ ಪ್ಲಾಸ್ಟರ್, ಬಲಗೈಯಲ್ಲಿ ಕೆಂಪು ಪೆನ್ನು.

"ಬಿ. ಕುಹಾರ್ಸ್ಕಿ ಅಂದ್ರೆ ಯಾರು ಇಲ್ಲಿ?"

"ನಾನೇ ಕಣಮ್ಮ."

"ನಿಮ್ಮ ಹೆಸರು ನೋಡೇ ತಗೊಂಡೆ ನಾನು ಇದನ್ನ. ಸಿಗರೇಟು ಬಿಡೋಣ ಅಂತ. ಅಣಬೆ ಅಂದ್ರೆ ಮಣ್ಣಲ್ಲಿ ಬೆಳೆಯೋದು, ಏನಾಗತ್ತೆ ಅಂತ ಎರಡೇ ಎರಡು ಸಲ ಎಳೆದೆ. ಗೋಡೆ ಉಸಿರಾಡೋಕೆ ಶುರು ಮಾಡ್ತು. ಹಿತ್ತಲ ಮೆಟ್ಟಿಲು ಎಷ್ಟಿದಾವೆ ಅನ್ನೋದೇ ಮರ್ತು ಉರುಳಿದೆ. ಏನ್ ಸೇದಿದೆ ಅಂತ ಡಾಕ್ಟ್ರು ಕೇಳ್ತಾರೆ. ಅಣಬೆ ಅಂದ್ರೆ ಅಲ್ಲ ಅಂತ ತಲೆ ಆಡಿಸ್ತಾರೆ. ನೀವೇ ಹೇಳಿ, ನಾನು ಸೇದಿದ್ದೇನು?"

ಬರ್ನಿಸ್ ಆಗಲೇ ಆ ಪೆನ್ನು ಒಡೆದರು, ಆಗಲೇ ಯಂತ್ರಕ್ಕೆ ಕೊಟ್ಟರು. ಯಂತ್ರ ಈ ಸಲ ಬೇರೆಯೇ ಹೇಳಿತು. ಸಿಲೋಸಿನ್ ಅಲ್ಲ, ಅದರ ದಾಯಾದಿ, ಕಾರ್ಖಾನೆಯಲ್ಲಿ ಬೇಯಿಸಿದ್ದು. ಮಾಡುವವರು ಸರಕು ಬದಲಿಸಿರಬೇಕು ಎಂದುಕೊಂಡು ಫ್ರೀಜರಿನಲ್ಲಿದ್ದ ಮಾರ್ಚಿನ ಉಳಿದರ್ಧ ಹನಿ ತೆಗೆದರು. ಅದರಲ್ಲೂ ದಾಯಾದಿಯೇ. ಹಾಗಾದರೆ ಪೆನ್ನು ಬದಲಾಗಿಲ್ಲ, ವ್ಯತ್ಯಾಸ ಒಂದೇ: ಆಗ ಸೀಸೆ ಶುಕ್ರವಾರದಿಂದ ಸೋಮವಾರದವರೆಗೆ ಕಾದಿತ್ತು. ಅವರು ಅದೇ ಹನಿಯನ್ನು ಮೆಥನಾಲಿನಲ್ಲಿ ಕರಗಿಸಿ ಕಪಾಟಿನಲ್ಲಿಟ್ಟು ಮೂರು ದಿನ ಕಾದರು. ನಾಲ್ಕನೆಯ ದಿನ ಯಂತ್ರ ಸಿಲೋಸಿನ್ ಎಂದಿತು.

ಕಾದು ಕೂತ ಮೂರು ದಿನದಲ್ಲಿ ಮದ್ಯಸಾರವೇ ನಕಲಿಯನ್ನು ಅಸಲಿ ಮಾಡಿತ್ತು. ಅವರು ಚರ್ಚಿನಲ್ಲಿ ಮೀನು ಕರಿಯುತ್ತಿದ್ದಾಗ ಇತ್ತ ಸೀಸೆಯಲ್ಲಿ ವೇಷ ಬದಲಾಗುತ್ತಿತ್ತು.

"ಇಪ್ಪತ್ತೆರಡು ವರ್ಷ ಬಾಟಲಿ ಬಿರುಕು ಹುಡುಕ್ದೋಳು ನಾನು. ನನ್ನ ಕಪಾಟಲ್ಲೇ ಇದ್ದ ಬಿರುಕು ಕಾಣಲಿಲ್ಲ," ಎನ್ನುತ್ತಾರೆ.

ಲ್ಯಾಬಿನ ಯಜಮಾನ ಮಿಲ್ಬರ್ನ್ ಟೇಟ್ ಕೆಟ್ಟವರಲ್ಲ, ಹೆದರಿದವರು. ಜೂನಿನಲ್ಲಿ ಪರವಾನಗಿ ಪರಿಶೀಲನೆಯವರು ಬರುವವರಿದ್ದರು. ಆ ಮಾತುಕತೆಯನ್ನು ಇಬ್ಬರೂ ಮರೆತಿಲ್ಲ.

"ಬರ್ನಿ, ಜೂನ್ ಕಳೀಲಿ. ಆಮೇಲೆ ಒಂದು ಸಾಲು ತಿದ್ದಿದ್ರಾಯ್ತು."

"ಆಮೇಲೆ ಅಂದ್ರೆ? ಇನ್ನೆಷ್ಟು ಜನ ಮೆಟ್ಟಿಲಿಂದ ಉರುಳಿದ ಮೇಲೆ?"

"ಈಗ ತಪ್ಪಾಯ್ತು ಅಂತ ಬರ್ಕೊಟ್ರೆ ಮೊದಲು ಹೋಗೋದು ನಿನ್ನ ಸಹಿ ಕಣೇ. ಆರು ವರ್ಷ ಹಣೆ ಚಚ್ಕೊಂಡು ತಗೊಂಡಿದ್ದೀಯ."

"ನನ್ನ ಸಹಿ ಈಗ್ಲೇ ಅಂಗಡಿ ಕಿಟಕೀಲಿ ಗಿರಾಕಿ ಕರೀತಾ ನಿಂತಿದೆ, ಮಿಲ್ಬರ್ನ್. ಇನ್ನು ಹೋಗೋಕೆ ಏನಿದೆ?"

ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಹಿಂದಿನ ಮೂರು ವರ್ಷಗಳ ತಪಸ್ಸುಕಾಲದ ಶುಕ್ರವಾರಗಳಲ್ಲಿ ಕರಗಿಸಿಟ್ಟ ಹತ್ತೊಂಬತ್ತು ಅಣಬೆ ಪೆನ್ನುಗಳ ಉಳಿದರ್ಧವನ್ನು ಫ್ರೀಜರಿನಿಂದ ತೆಗೆದು, ಬೇರೆ ದ್ರಾವಣದಲ್ಲಿ ಕರಗಿಸಿ, ಅಂದಂದೇ ಪರೀಕ್ಷಿಸಿದರು. ಪ್ರಾಥರ್‌ನದೂ ಸೇರಿ ಆರು ವರದಿ ಸುಳ್ಳಾಗಿದ್ದವು. ಆರನ್ನೂ ರದ್ದು ಮಾಡುವ ಪತ್ರಕ್ಕೆ ಸಹಿ ಹಾಕಿದರು. ಮಾರ್ಲಾಗೆ ಸರಿಯಾದ ವರದಿಗೆ ಸಹಿ ಹಾಕಿ ಕೊಟ್ಟರು, ಪರಿಶೀಲನೆ ಮುಗಿಯುವವರೆಗೆ ಬೇರೆ ಯಾವುದಕ್ಕೂ ಸಹಿ ಹಾಕಲಿಲ್ಲ. ವೈದ್ಯರ ಮುಂದೆ ಇಡಲು ಆಕೆಗೆ ಕೊನೆಗೂ ಒಂದು ಹೆಸರು ಸಿಕ್ಕಿತು.

ಆಮೇಲೆ ರದ್ದು ಪತ್ರ ಹಿಡಿದು ಪ್ರಾಥರ್ ಅಂಗಡಿಗೆ ತಾವೇ ನಡೆದರು. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು.

"ಏನ್ ಮೇಡಂ, ಕೊನೆಗೂ ನೀವೂ ಒಂದು ದಮ್ ಎಳೆಯೋಕೆ ಬಂದ್ರಾ?" ಎಂದ ಪ್ರಾಥರ್.

"ಕಿಟಕೀಲಿರೋ ಕಾಗದ ತೆಗಿಯಪ್ಪ. ಅದು ತಪ್ಪು. ತಪ್ಪು ನಂದೇ."

"ನಾನು ಕಾಸು ಕೊಟ್ಟು ಮಾಡಿಸಿರೋ ಕಾಗದ ಅದು. ನಿಮಗೆ ಇವತ್ತು ಮನಸ್ಸು ಬದಲಾದ್ರೆ ನಾನೇನ್ ಮಾಡ್ಲಿ? ವಕೀಲರ ಹತ್ರ ಮಾತಾಡಿ."

"ಕಾಗದ ನಿಂದು, ಚೌಕಟ್ಟೂ ನಿಂದೇ. ಹೆಸರು ನಂದು. ನನ್ನ ಹೆಸರು ವಾಪಸ್ ಕೊಡು, ಚೌಕಟ್ಟಲ್ಲಿ ನಿನ್ನ ಫೋಟೋ ಹಾಕ್ಕೋ."

ಯಾರೋ ಕಿಸಕ್ಕೆಂದರು. ಬರ್ನಿಸ್ ಗಿರಾಕಿಗಳ ಕಡೆ ತಿರುಗಿ, ಇದರಲ್ಲಿ ಅಣಬೆ ಇಲ್ಲ, ಇರುವುದು ಇಂಥದ್ದು, ಎಷ್ಟಿದೆ ಎಂದು ಮಾಡಿದವನಿಗೂ ಗೊತ್ತಿಲ್ಲ ಎಂದು ಹೇಳಿದರು. ಕೂಗಲಿಲ್ಲ, ಮೀನಿನ ಬೆಲೆ ಹೇಳುವವರ ಹಾಗೆ ಹೇಳಿದರು. ಟೋಪಿಯವನೊಬ್ಬ ಕೈಯಲ್ಲಿದ್ದ ಪೆನ್ನನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೊರನಡೆದ. ಪ್ರಾಥರ್ ಬೈಯುತ್ತಲೇ ಚೌಕಟ್ಟು ಇಳಿಸಿದ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು ವರದಿ. ತಿಂಗಳೊಳಗೆ ಅದೇ ದ್ರವ ನೀಲಿ ಪೆನ್ನಿನಲ್ಲಿ, ಹೊಸ ಹೆಸರಿನಲ್ಲಿ ಅದೇ ಅಂಗಡಿಗೆ ಬಂತು. ಕಾನೂನು ಒಂದು ಹೆಸರನ್ನು ನಿಷೇಧಿಸುವಷ್ಟರಲ್ಲಿ ಬೇಯಿಸುವವರು ಮೂರು ಹೊಸದನ್ನು ಬೇಯಿಸಿರುತ್ತಾರೆ. ಹಿಡಿಯಬೇಕಾದವರು ಕುರ್ಚಿಯಲ್ಲಿ ಕುಳಿತಿದ್ದಾರೆ, ಹಿಡಿದುಕೊಟ್ಟವರಿಗೆ ಶಿಕ್ಷೆಯಾಗಿದೆ. ಜೂನಿನಲ್ಲಿ ಬಂದ ಪರಿಶೀಲಕರು ಬರ್ನಿಸ್ ತಾವಾಗಿ ಮುಂದಿಟ್ಟ ಆರು ಪತ್ರಗಳನ್ನೂ ಓದಿದರು. ಪ್ರಾಮಾಣಿಕತೆಗೆ ಒಂದು ಸಾಲು ಮೆಚ್ಚುಗೆ ಬರೆದರು, ಕೆಳಗಿನ ಸಾಲಿನಲ್ಲಿ ಅವರ ಸಹಿಯ ಅಧಿಕಾರ ಕಿತ್ತುಕೊಂಡರು. ಈಗ ಒಡೆಯುವುದು, ಹಿಂಡುವುದು, ಯಂತ್ರ ಓಡಿಸುವುದು ಎಲ್ಲ ಬರ್ನಿಸ್. ಸಹಿ ಮಾತ್ರ ಟೇಟ್ ಅವರದ್ದು.

ಹದಿನಾಲ್ಕನೆಯ ಪೆನ್ನು ಒಡೆದಾಗಿದೆ. ಬರ್ನಿಸ್ ಗವಸು ಕಳಚುತ್ತಾರೆ. ದ್ರಾವಣಗಳ ಕಾಟಕ್ಕೆ ಬೆರಳ ತುದಿಗಳು ಬಿರಿದಿವೆ. ಈಗ ಮೆಥನಾಲ್ ಬಾಟಲಿ ಆ ಮೇಜಿನ ಹತ್ತಿರವೂ ಇಲ್ಲ, ಕರಗಿಸಿದ ಗಳಿಗೆಯನ್ನು ಪ್ರತಿ ಸೀಸೆಯ ಮೇಲೂ ಬರೆಯುತ್ತಾರೆ. ಮತ್ತೆ ಪರೀಕ್ಷೆ ಕಟ್ಟಲು ಅರ್ಜಿ ಹಾಕಿದ್ದಾರೆ, ಐವತ್ತಾರನೆಯ ವಯಸ್ಸಿನಲ್ಲಿ. ಪಾಸಾಗುವ ನಂಬಿಕೆ ಇದೆಯೇ ಎಂದರೆ ಭುಜ ಹಾರಿಸುತ್ತಾರೆ.

ಸಹಿ ಹೋದದ್ದಕ್ಕೆ ಬೇಜಾರಿಲ್ಲವೇ?

"ಇಲ್ದೆ ಏನು? ಅಮ್ಮಂಗೆ ಇನ್ನೂ ಹೇಳಿಲ್ಲ ನಾನು," ಎನ್ನುತ್ತಾರೆ ಬರ್ನಿಸ್. ಬಿರಿದ ಬೆರಳಿಗೆ ಮುಲಾಮು ಸವರುತ್ತಾರೆ. "ಆದ್ರೆ ನಾನು ಕೊನೇ ಸಲ ಸಹಿ ಹಾಕಿದ್ದು ಆ ಬಸ್ಸಮ್ಮನ ವರದಿಗೆ. ಮತ್ತೆ ಸಹಿ ಸಿಗ್ಲಿ, ಬಿಡ್ಲಿ. ಅದರಲ್ಲಿ ಬರೆದಿದ್ದು ನಿಜ."